ಹಾಳೆಯ ಮೂಲೆಯಲ್ಲಿ ಹೆಸರು

ಬರಗೂರು
12 ಫೆಬ್ರುವರಿ 2024

ಮಾನ್ಯ ನರಸಿಂಹರಾಜು ಅವರಿಗೆ,

ಮೊದಲಿಗೇ ತಪ್ಪಾಯಿತು ಅನ್ನುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ಎಡವುತ್ತೇನೆ. ಪೆನ್ನೂ ಸೋರುತ್ತದೆ. ನಾನು ಓದಿದ್ದು ಐದನೇ ತರಗತಿಯವರೆಗೆ. ಆ ವರ್ಷ ಅಮ್ಮ ಬಾವಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು, ಮನೆ ನೋಡಿಕೊಳ್ಳಲು ನಾನು ಉಳಿದೆ, ಉಳಿದದ್ದು ಹಾಗೇ ಉಳಿದುಬಿಟ್ಟಿತು. ಓದಲು ಆಗದ ಕಡೆ ಊಹಿಸಿಕೊಳ್ಳಿ.

ನನ್ನ ಹೆಸರು ವರಲಕ್ಷ್ಮಿ. ಶಿರಾದಲ್ಲಿ ನಮ್ಮ ಸೋದರಮಾವ ಪಾಲಾಕ್ಷ ಮೋಟಾರ್ ವೈಂಡಿಂಗ್ ಮತ್ತು ಸ್ಟಾರ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ದಿನಾ ಬಸ್ಸಿನಲ್ಲಿ ಹೋಗಿ ಅವರ ಜೊತೆ ಕೆಲಸ ಮಾಡುತ್ತೇನೆ. ಹೋದ ತಿಂಗಳು ಪಟ್ಟನಾಯಕನಹಳ್ಳಿಯಿಂದ ಒಬ್ಬರು ಹಳೆಯ ಸ್ಟಾರ್ಟರ್ ಡಬ್ಬ ತಂದು ಗುಜರಿಗೆ ಹಾಕಿ ಅಂದರು. ಒಳಗೆ ಕಣಜದ ಗೂಡು ಇತ್ತು. ಗೂಡು ಕೆರೆದರೆ ಕೈಯಲ್ಲಿ ಮಾಡಿದ ಒಂದು ಸರ್ಕ್ಯೂಟ್ ಬೋರ್ಡು. ತಾಮ್ರದ ಗೆರೆಗಳ ಪಕ್ಕ ತಾಮ್ರದಲ್ಲೇ ಕನ್ನಡ ಅಕ್ಷರ ಮೂಡಿಸಿದ್ದರು: "ನೋಡಿ ಬರೆದುಕೊಳ್ಳಿ. ತಿದ್ದಿದರೆ ತಿಳಿಸಿ." ಕೆಳಗೆ ನಿಮ್ಮ ಹೆಸರು, ಮಧುಗಿರಿಯ ಬೀದಿ, ಮನೆ ನಂಬರು.

ನಾನು ನೋಡಿ ಬರೆದುಕೊಂಡೆ. ತಿದ್ದಿದೆ ಕೂಡ. ಅದಕ್ಕೇ ತಿಳಿಸುತ್ತಿದ್ದೇನೆ.

ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಶುರುವಾಗುವ ಹಾಗೆ ನೀವು ಮಾಡಿದ್ದೀರಿ. ಆದರೆ ಮೂರು ಫೇಸಿನ ಮೂರು ತಂತಿಗಳಲ್ಲಿ ನಿಮ್ಮ ಬೋರ್ಡು ಎರಡನ್ನು ಮಾತ್ರ ನೋಡುತ್ತದೆ. ಈಗ ನಮ್ಮ ಕಡೆ ಮೂರನೇ ತಂತಿಯಲ್ಲಿ ಕರೆಂಟು ಬಾರದ ದಿನಗಳು ಬಹಳ. ಆಗ ಮೋಟಾರು ಉಳಿದೆರಡರಲ್ಲಿ ಹೆಣಗಾಡಿ ಸುಟ್ಟುಹೋಗುತ್ತದೆ. ನಾನು ಮೂರನೆಯದನ್ನೂ ನೋಡುವ ಹಾಗೆ ಮಾಡಿದೆ. ಮೂರೂ ಬಂದರೆ ಮಾತ್ರ ಮೋಟಾರು ತಿರುಗುತ್ತದೆ. ನಮ್ಮ ಬೋರ್‌ವೆಲ್‌ಗೆ ಹಾಕಿ ನೋಡಿದೆ, ಸರಿಯಾಗಿದೆ.

ಈಗ ಇನ್ನೊಂದು ಮಾತು. ಮಾವ ಇದನ್ನು ಅಂಗಡಿಯದೇ ಬೋರ್ಡು ಅಂತ ಮಾರಬೇಕು ಅನ್ನುತ್ತಾರೆ. ಚಿಪ್ಪುಗಳ ಮೇಲಿನ ನಂಬರನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಕಪ್ಪು ರೆಸಿನ್ ಅಂಟು ಸುರಿದುಬಿಟ್ಟರೆ ಯಾರೂ ನೋಡಿ ಮಾಡಲಾಗುವುದಿಲ್ಲ. ಬೇರೆ ಅಂಗಡಿಯವರೂ ಹೀಗೇ ಮಾಡುತ್ತಾರೆ. ನಾನು ಬೋರ್ಡಿನ ಮೇಲಿನ ಮಾತು ತೋರಿಸಿದೆ.

"ಆವಯ್ಯ ಯಾವ ಕಾಲದೋರೋ ಏನೋ ಕಣಮ್ಮಿ. ಬರ್ದವ್ರೆ ಅಂತ ನಾವೂ ಊರಿಗೆಲ್ಲ ಹಂಚ್ಬುಡಾನಾ? ಅಂಗಡಿ ಮಡಗಿರಾದು ಧರ್ಮಕ್ಕಾ?" ಅಂದರು.

ರೆಸಿನ್ ಸುರಿಯಬಹುದೇ? ನೀವು ಬೇಡ ಅಂದರೆ ಮಾವನಿಗೆ ಹೇಳುತ್ತೇನೆ. ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮ್ಮ ಕಾಗದ ತೋರಿಸುತ್ತೇನೆ.

ಇಂತಿ,
ವರಲಕ್ಷ್ಮಿ


ಮಧುಗಿರಿ
20 ಫೆಬ್ರುವರಿ 2024

ಚಿರಂಜೀವಿ ವರಲಕ್ಷ್ಮಿಗೆ ಆಶೀರ್ವಾದಗಳು.

ನಿನ್ನ ಅಕ್ಷರ ನನಗೆ ಅರ್ಥವಾಯಿತು. ಅರ್ಥವಾಗುವ ಅಕ್ಷರ ಒಳ್ಳೆಯ ಅಕ್ಷರ. ಕಾಗದ ಬರೆದದ್ದೂ ಒಳ್ಳೆಯದಾಯಿತು. ನನಗೆ ಕಿವಿ ಪೂರ್ತಿ ಹೋಗಿದೆ, ಮನೆಯಲ್ಲಿ ಫೋನು ಹೊಡೆದುಕೊಂಡರೂ ಗೋಡೆಯ ಹಾಗೆ ಕುಳಿತಿರುತ್ತೇನೆ.

ಆ ಬೋರ್ಡು ಮಾಡಿ ಎಷ್ಟು ಕಾಲವಾಯಿತು! ಆಗ ನಾನು ಇಲ್ಲಿ ಹೈಸ್ಕೂಲಿನ ಲ್ಯಾಬಿನಲ್ಲಿ ಅಟೆಂಡರ್. ಕೊರಟಗೆರೆಯಲ್ಲಿ ವೆಂಕಟರಾಮಯ್ಯ ಅಂತ ರೇಡಿಯೊ ರಿಪೇರಿಯವನು, ನನ್ನ ಸ್ನೇಹಿತ. ಇಬ್ಬರಿಗೂ ಒಂದೇ ಹುಚ್ಚು. ತಾಮ್ರದ ಹಲಗೆಯ ಮೇಲೆ ನನ್ನ ಹೆಂಡತಿಯ ಉಗುರುಬಣ್ಣದಲ್ಲಿ ಗೆರೆ ಎಳೆದು, ಫೆರಿಕ್ ಕ್ಲೋರೈಡಿನ ನೀರಲ್ಲಿ ಅಲುಗಾಡಿಸುತ್ತಾ ಕುಳಿತಿರುತ್ತಿದ್ದೆವು. ಬಣ್ಣ ಇಲ್ಲದ ಕಡೆ ತಾಮ್ರ ಕರಗಿ, ಗೆರೆ ಉಳಿಯುತ್ತದೆ. ಅಕ್ಷರವೂ ಹಾಗೇ ಮೂಡಿದ್ದು. ಬಚ್ಚಲ ಕಲ್ಲಿನ ಮೇಲಿನ ಹಳದಿ ಕಲೆ ಇನ್ನೂ ಹೋಗಿಲ್ಲ. ಉಗುರುಬಣ್ಣದ ಜಗಳವೂ ಅವಳಿರುವವರೆಗೆ ಹೋಗಲಿಲ್ಲ.

ಒಂದು ಬೇಸಗೆಯಲ್ಲಿ ನಾವಿಬ್ಬರೂ ಸೇರಿ ಕಂಪ್ಯೂಟರು ಕಟ್ಟಿದೆವು. ನಗಬೇಡ. 8085 ಅನ್ನುವ ಚಿಪ್ಪು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಲ್ಲಿ ಗಲ್ಲಿ ಹುಡುಕಿ ತಂದದ್ದು. ಪರದೆ ಇಲ್ಲ. ಕೆಲವು ಗುಂಡಿಗಳು, ಕೆಂಪಗೆ ಉರಿಯುವ ಅಂಕಿಗಳು, ಅಷ್ಟೇ. ಎರಡು ಸಂಖ್ಯೆ ಕೂಡಿಸಲು ಒಂದು ಸಂಜೆಯೆಲ್ಲ ಗುಂಡಿ ಒತ್ತಬೇಕಿತ್ತು. ಉತ್ತರ ಬಂದಾಗ ವೆಂಕಟರಾಮಯ್ಯ ಎದ್ದು ನಿಂತು ಕೈಮುಗಿದ. ಅಷ್ಟರಲ್ಲಿ ಕರೆಂಟು ಹೋಯಿತು, ಕಂಪ್ಯೂಟರಿಗೆ ಎಲ್ಲ ಮರೆತುಹೋಯಿತು. ನಮ್ಮವ್ವ ಲಕ್ಕಮ್ಮ ಬಾಗಿಲಲ್ಲಿ ನಿಂತು, "ಮರ್ತೋಗಾದ್ಕೆ ಇಷ್ಟ್ ಕಷ್ಟ ಯಾಕ್ರಪ್ಪಾ, ನನ್ನನ್ನೇ ಕೂರ್ಸಿದ್ರೆ ಆಗ್ತಿರ್ಲಿಲ್ವಾ?" ಅಂದಳು.

ಈ ಹುಚ್ಚು ನಮ್ಮದೇ ಅಲ್ಲ. ನಮಗಿಂತ ಹತ್ತು ವರ್ಷ ಮೊದಲು ಅಮೆರಿಕದಲ್ಲಿ ಹವ್ಯಾಸಿಗಳು ಅಂಚೆಯಲ್ಲಿ ಬಿಡಿಭಾಗ ತರಿಸಿ, ಬರೀ ಸ್ವಿಚ್ಚು ದೀಪಗಳ ಪೆಟ್ಟಿಗೆ ಜೋಡಿಸುತ್ತಿದ್ದರು. ಯಾರದೋ ಗ್ಯಾರೇಜಿನಲ್ಲಿ ಸೇರಿ ಒಬ್ಬರ ಚಿತ್ರ ಒಬ್ಬರಿಗೆ ಕೊಡುತ್ತಿದ್ದರು. ಅದು ನಮಗೆ ಗೊತ್ತಾದದ್ದು ಹಳೇ ಪುಸ್ತಕದ ಗಾಡಿಯಲ್ಲಿ ಸಿಕ್ಕ ಪತ್ರಿಕೆಯಿಂದ. ಅದನ್ನು ಓದಿ ನಾವೂ ಒಂದು ಕಟ್ಟುಪಾಡು ಮಾಡಿಕೊಂಡೆವು. ಸರ್ಕ್ಯೂಟಿನ ಚಿತ್ರ ಬೇಕಾದವರು ತಮ್ಮ ಕೈಯಲ್ಲೇ ಬರೆದುಕೊಳ್ಳಬೇಕು. ಬರೆದವರು ಇನ್ನೊಬ್ಬರಿಗೆ ಕೊಡಬೇಕು. ಹಾಳೆಯ ಮೂಲೆಯಲ್ಲಿ ಹಿಂದಿನವರ ಹೆಸರು ಬರೆದು, ತಾನು ಏನು ತಿದ್ದಿದೆ ಅಂತ ಬರೆದು, ಕೆಳಗೆ ತನ್ನ ಹೆಸರು ಹಾಕಬೇಕು.

ರೆಸಿನ್ ವಿಚಾರ. ನನ್ನ ಅಪ್ಪಣೆ ಕೇಳಬೇಡ. ಚಿತ್ರ ಮನೆಯಿಂದ ಹೊರಗೆ ಹೋದ ದಿನವೇ ಅಪ್ಪಣೆಯೂ ಹೋಯಿತು. ನಿಮ್ಮ ಮಾವನಿಗೆ ಹೊಟ್ಟೆಪಾಡಿದೆ, ನನಗೆ ಪಿಂಚಣಿ ಬರುತ್ತದೆ. ನಾನು ನ್ಯಾಯ ಹೇಳುವುದು ಸುಲಭ. ಇಷ್ಟು ಮಾತ್ರ ಹೇಳುತ್ತೇನೆ, ನಾನು ರೆಸಿನ್ ಸುರಿದಿದ್ದರೆ ನಿನಗೆ ತಿದ್ದಲು ಆಗುತ್ತಿರಲಿಲ್ಲ.

ನಿನ್ನ ಚಿತ್ರ ಕಳಿಸು. ಮೂಲೆಯಲ್ಲಿ ಹೆಸರು ಮರೆಯಬೇಡ.

ನರಸಿಂಹರಾಜು


ಬರಗೂರು
9 ಮಾರ್ಚ್ 2024

ಪೂಜ್ಯ ತಾತನವರಿಗೆ,

ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಸಾರ್ ಅಂತ ಬರೆದು ಹೊಡೆದುಹಾಕಿದೆ.

ಚಿತ್ರ ಬರೆದೆ, ಇದರ ಜೊತೆ ಇಟ್ಟಿದ್ದೇನೆ. ಮೂಲೆಯಲ್ಲಿ ನಿಮ್ಮ ಹೆಸರೂ ಊರೂ ಬರೆದಿದ್ದೇನೆ. ನನ್ನ ಹೆಸರು ಹಾಕಲಿಲ್ಲ. ಜಾಗ ಬಿಟ್ಟಿದ್ದೇನೆ. ನಿಮ್ಮ ಹೆಸರಿನ ಕೆಳಗೆ ನನ್ನದು ಬರೆಯಲು ಧೈರ್ಯ ಬರಲಿಲ್ಲ. ಯಾರಾದರೂ ಇದು ಯಾಕೆ ಹೀಗೆ ಅಂತ ಕೇಳಿದರೆ ನಾನು ಏನು ಹೇಳಲಿ?

ಮಾವ ರೆಸಿನ್ ಸುರಿದರು. ನಂಬರ್ ಉಜ್ಜಿದ್ದು ನಾನೇ. ನಿಮ್ಮ ಕಾಗದ ತೋರಿಸಿದೆ, ಪೂರ್ತಿ ಓದಿದರು. "ಒಳ್ಳೆ ಮನ್ಸ ಕಣಮ್ಮಿ" ಅಂದರು, ಉಪ್ಪುಕಾಗದ ಕೈಗೆ ಕೊಟ್ಟರು.

ನಾವು ಉಜ್ಜುತ್ತಿರುವಾಗ ರೇವಂತ್ ಬಂದ. ಅವನು ಪಾವಗಡ ತಾಲ್ಲೂಕಿನ ವಳ್ಳೂರಿನವನು, ಸೋಲಾರ್ ಪಾರ್ಕಿನಲ್ಲಿ ಕೆಲಸ. ಅವರ ಅಜ್ಜಿಯ ಮೋಟಾರಿಗೆ ವೈಂಡಿಂಗ್ ಮಾಡಿಸಲು ಬರುತ್ತಿರುತ್ತಾನೆ. "ಏನ್ ಪಾಲಾಕ್ಷಣ್ಣ, 555 ಚಿಪ್ಪಿನ ನಂಬರ್ ಉಜ್ತಿದೀರಾ? ಊರಿಗೆಲ್ಲ ಗೊತ್ತಿರೋ ಹುಡ್ಗಿ ಮುಖಕ್ಕೆ ಸೆರಗು ಎಳ್ದಂಗೆ ಆಯ್ತು" ಅಂದ. ಮಾವ "ನೀನ್ ಮುಚ್ಕಂಡ್ ಟೀ ಕುಡಿಯೋ ಲೇ" ಅಂದರು.

ರೇವಂತನ ಹತ್ತಿರ ಒಂದು ನೀಲಿ ಬಣ್ಣದ ಬೋರ್ಡು ಇತ್ತು. ಆರ್ಡುಯಿನೊ ಅನ್ನುತ್ತಾರಂತೆ. ಇಟಲಿ ದೇಶದಲ್ಲಿ ಮೇಷ್ಟ್ರುಗಳು ವಿದ್ಯಾರ್ಥಿಗಳಿಗಾಗಿ ಮಾಡಿದ್ದಂತೆ. ಅದರ ಚಿತ್ರ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಯಾರು ಬೇಕಾದರೂ ಮಾಡಬಹುದು, ತಿದ್ದಬಹುದು, ತಿದ್ದಿದವರೂ ಮುಚ್ಚಿಡದೆ ಬಿಟ್ಟುಕೊಡಬೇಕು. ಇದಕ್ಕೆ ಓಪನ್ ಸೋರ್ಸ್ ಹಾರ್ಡ್‌ವೇರ್ ಅಂತ ಹೆಸರು, ಪ್ರಪಂಚದ ತುಂಬ ಈ ಥರ ಮಾಡುವವರು ಇದ್ದಾರೆ ಅಂದ. ನನಗೆ ನಿಮ್ಮ ಕಟ್ಟುಪಾಡು ನೆನಪಾಯಿತು. ಅವನಿಗೆ ನಿಮ್ಮ ಬಗ್ಗೆ ಹೇಳಿದೆ. ಅಷ್ಟು ಮಾತು ನಾನು ಅಂಗಡಿಯಲ್ಲಿ ಆಡಿದ್ದು ಅದೇ ಮೊದಲು. ಮಾವ ತಿರುಗಿ ನೋಡಿದರು.

ಚಿತ್ರ ತೋರಿಸು ಅಂದ. ತೋರಿಸಿದೆ. ಫೋನಿನಲ್ಲಿ ಫೋಟೊ ಹಿಡಿದುಕೊಂಡ. ಕೈಯಲ್ಲಿ ಬರೆದುಕೊಳ್ಳಬೇಕು ಅಂತ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವನ ಬಸ್ಸು ಬಂತು.

ನಿಮ್ಮ ಹುಡುಗಿ,
ವರಲಕ್ಷ್ಮಿ


ಬರಗೂರು
28 ಏಪ್ರಿಲ್ 2024

ತಾತನವರಿಗೆ,

ಚಿತ್ರ ನೋಡಿ ನೀವು ಮಾರ್ಚಿನಲ್ಲಿ ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಕೆಟ್ಟ ಸುದ್ದಿ.

ರೇವಂತನ ಅಜ್ಜಿ ಕದರಮ್ಮನವರ ಮೋಟಾರು ಸುಟ್ಟಿತು. ರೇವಂತ್ ನನ್ನ ಚಿತ್ರದ ಫೋಟೊ ನೋಡಿ ತಾನೇ ಬೋರ್ಡು ಮಾಡಿ ಹಾಕಿದ್ದ. ಒಂದು ತಿಂಗಳು ಚೆನ್ನಾಗಿ ಓಡಿತು. ಹೋದ ವಾರ ಮೂರನೇ ತಂತಿಯಲ್ಲಿ ಕರೆಂಟು ಬರಲಿಲ್ಲ. ಬೋರ್ಡು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಅವನು ಬೋರ್ಡು ತಂದು ನನ್ನ ಮೇಜಿನ ಮೇಲೆ ಇಟ್ಟ. ಅವನ ಫೋಟೊ ಪಕ್ಕದಲ್ಲಿಟ್ಟು ನೋಡಿದೆ. ಚಿತ್ರದಲ್ಲಿ ಹೇಗಿದೆಯೋ ಹಾಗೇ ಮಾಡಿದ್ದಾನೆ.

ತಪ್ಪು ಚಿತ್ರದಲ್ಲೇ ಇದೆ. ಎರಡನೇ ತಂತಿಯ ಗೆರೆಯೂ ಮೂರನೆಯದರ ಗೆರೆಯೂ ಒಂದು ಕಡೆ ದಾಟುತ್ತವೆ, ಕೂಡುವುದಿಲ್ಲ. ಆ ದಾಟುವ ಜಾಗದಲ್ಲಿ ನನ್ನ ಪೆನ್ನಿನ ಶಾಯಿ ಒಂದು ಹನಿ ಬಿದ್ದಿದೆ. ಚುಕ್ಕೆ ಇದ್ದರೆ ಕೂಡಿದೆ ಅಂತ ಅರ್ಥ. ಅವನು ಕೂಡಿಸಿದ. ಹಾಗಾಗಿ ಮೂರನೇ ತಂತಿ ಸತ್ತಿದ್ದರೂ ಎರಡನೆಯದರ ಕರೆಂಟು ನೋಡಿ ಬೋರ್ಡು ಎಲ್ಲ ಸರಿಯಿದೆ ಅಂದುಕೊಳ್ಳುತ್ತದೆ. ಅವನು ಕೈಯಲ್ಲಿ ಬರೆದುಕೊಂಡಿದ್ದರೆ, ಇದು ಚುಕ್ಕೆಯಾ ಹನಿಯಾ ಅಂತ ಆಗಲೇ ಕೇಳುತ್ತಿದ್ದ. ಫೋಟೊ ಏನನ್ನೂ ಕೇಳುವುದಿಲ್ಲ.

ಇನ್ನೂ ಇದೆ. ಅವನು ಆ ಫೋಟೊವನ್ನು ರೈತರ ವಾಟ್ಸಾಪ್ ಗುಂಪಿಗೆ ಹಾಕಿದ್ದಾನೆ. ಅಲ್ಲಿಂದ ಬೇರೆ ಗುಂಪಿಗೆ ಹೋಗಿದೆ. ಗಡಿಯಾಚೆ ಮಡಕಶಿರಾ ಕಡೆಗೂ ಹೋಗಿದೆಯಂತೆ. ಯಾರು ಮಾಡಿ ಹಾಕಿಕೊಂಡಿದ್ದಾರೋ ಗೊತ್ತಿಲ್ಲ. ಎಲ್ಲರದೂ ಈಗ ಚೆನ್ನಾಗೇ ಓಡುತ್ತಿರುತ್ತದೆ. ಮೂರನೇ ತಂತಿ ಹೋದ ದಿನ ಸುಡುತ್ತದೆ.

ಆ ಹಾಳೆಯ ಮೂಲೆಯಲ್ಲಿ ಇರುವುದು ನಿಮ್ಮ ಹೆಸರು ಒಂದೇ. ಕದರಮ್ಮ ಊರೆಲ್ಲ ಕೇಳುವ ಹಾಗೆ ಮಧುಗಿರಿ ನರಸಿಂಹರಾಜುಗೆ ಶಾಪ ಹಾಕುತ್ತಿದ್ದಾರಂತೆ. ನಾನು ಖಾಲಿ ಬಿಟ್ಟ ಜಾಗ ನೋಡಿದರೆ ಅನ್ನ ಇಳಿಯುವುದಿಲ್ಲ.

ಸರಿಯಾದ ಚಿತ್ರ ಬರೆದು, ನನ್ನ ಹೆಸರು ಫೋನ್ ನಂಬರ್ ಹಾಕಿ ಅದೇ ಗುಂಪುಗಳಿಗೆ ಕಳಿಸುತ್ತೇನೆ ಅಂತ ಮಾವನಿಗೆ ಹೇಳಿದೆ. "ತಲೆ ಕೆಟ್ಟೈತಾ ನಿಂಗೆ? ತಪ್ಪು ಪಾಲಾಕ್ಷನ ಅಂಗಡಿಯಿಂದ ಹೋಯ್ತು ಅಂತ ಗೊತ್ತಾದ್ರೆ ನಾಳೆ ಯಾವನು ಸ್ಟಾರ್ಟರ್ ತತ್ತಾನೆ? ಅದ್ಕೇ ನಾನು ಮುಚ್ಚಮ್ಮಿ ಅಂದಿದ್ದು. ಸುಮ್ಕಿರು, ಒಂದ್ ಮಳೆ ಬಂದ್ರೆ ಎಲ್ಲ ಮರ್ತೋಯ್ತಾರೆ. ಕಳ್ಸಿದ್ರೆ ಅಂಗಡಿ ಬಾಗ್ಲಿಗೆ ಬರ್ಬ್ಯಾಡ" ಅಂದರು.

ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಇದು ಬಿಟ್ಟು ಬೇರೆ ಯಾವುದೂ ಇಷ್ಟವೂ ಇಲ್ಲ.

ವರಲಕ್ಷ್ಮಿ


ಮಧುಗಿರಿ
3 ಮೇ 2024

ಮಗೂ ವರಲಕ್ಷ್ಮಿ,

ಮೊದಲು ಊಟ ಮಾಡು. ಶಾಪ ನನಗೆ ತಟ್ಟುವುದಿಲ್ಲ, ಕಿವಿಯೇ ಇಲ್ಲವಲ್ಲ.

ನೀನು ಕಳಿಸಿದ ಹಾಳೆ ನನ್ನ ಹತ್ತಿರ ಇದೆ. ಕಾಗದ ಬಂದ ಮೇಲೆ ಕನ್ನಡಕ ಹಾಕಿ ನೋಡಿದೆ. ಹನಿ ಇದೆ. ಮಾರ್ಚಿನಲ್ಲಿ ಅದೇ ಹಾಳೆ ನೋಡಿ "ಬಹಳ ಚೆನ್ನಾಗಿದೆ" ಅಂತ ನಿನಗೆ ಬರೆದವನು ನಾನೇ. ಕಣ್ಣೂ ಕಿವಿಯ ದಾರಿ ಹಿಡಿದಿದೆ.

ನಮ್ಮ ಕಾಲದಲ್ಲಿ ದಾಟುವ ಗೆರೆ ಬಂದರೆ ಒಂದರ ಮೇಲೆ ಇನ್ನೊಂದಕ್ಕೆ ಸಣ್ಣ ಸೇತುವೆ ಎಳೆಯುತ್ತಿದ್ದೆವು, ಕಮಾನಿನ ಹಾಗೆ. ಆಗ ಹನಿ ಬಿದ್ದರೂ ಮೋಸವಾಗುವುದಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ಈಗ ಸೇತುವೆ ಬಿಟ್ಟಿದ್ದಾರೆ. ಸೋರುವ ಪೆನ್ನಿನವರು ಬಿಡಬಾರದು.

ವೆಂಕಟರಾಮಯ್ಯನ ಬಗ್ಗೆ ಬರೆದಿದ್ದೆನಲ್ಲ, ಅವನಿಗೂ ಹೀಗಾಗಿತ್ತು. ಬ್ಯಾಟರಿ ಚಾರ್ಜರಿನ ಒಂದು ಹಾಳೆಯಲ್ಲಿ ಡಯೋಡನ್ನು ತಿರುಗುಮುರುಗಾಗಿ ಬರೆದ. ಕೊರಟಗೆರೆಯಲ್ಲಿ ಹಲವರ ಬ್ಯಾಟರಿ ಹಾಳಾಯಿತು. ಅದಾದ ಮೇಲೆ ಅವನು ಹಾಳೆ ಕೊಡುವುದನ್ನೇ ನಿಲ್ಲಿಸಿದ. ಏನು ಮಾಡಿದರೂ ನಂಬರ್ ಉಜ್ಜಿ, ಅರಗು ಸುರಿದು ಮಾರಲು ಶುರುಮಾಡಿದ. ದುಡ್ಡಿನ ಆಸೆ ಹತ್ತಿತು ಅಂತ ನಾನು ಎಣಿಸಿದೆ. ನಮಗೆ ಮಾತು ನಿಂತಿತು. ನಿನ್ನ ಈ ಕಾಗದ ಬರುವವರೆಗೂ ನಾನು ಹಾಗೇ ಎಣಿಸಿಕೊಂಡಿದ್ದೆ.

ನಿನ್ನ ಕಾಗದದಲ್ಲಿ "ಅನ್ನ ಇಳಿಯುವುದಿಲ್ಲ" ಅಂತ ಇದೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಹೆಸರು ಹಾಕು ಅಂತ ನಾನು ಹೇಳುವುದಿಲ್ಲ. ಅಂಗಡಿ ಹೋಗುವುದು ನಿನ್ನದು, ನನ್ನದಲ್ಲ. ಆದರೆ ಬರೇ ಸರಿಯಾದ ಹಾಳೆ ಕಳಿಸಿದರೆ ಸಾಲದು. ಯಾವುದು ಹಳೆಯದು ಯಾವುದು ಹೊಸದು ಅಂತ ಅವರಿಗೆ ಹೇಗೆ ತಿಳಿಯಬೇಕು? ಅನುಮಾನ ಬಂದವನು ಯಾರನ್ನು ಕೇಳಬೇಕು? ಮೂಲೆಯಲ್ಲಿ ಹೆಸರು ಹಾಕುತ್ತಿದ್ದದ್ದು ಹೊಗಳಿಸಿಕೊಳ್ಳಲು ಅಲ್ಲಮ್ಮ, ಬೈಯಲು ಒಬ್ಬರು ಸಿಗಲಿ ಅಂತ.

ನನ್ನ ಹೆಸರಿದ್ದರೆ ಇರಲಿ. ಫೋನು ಎತ್ತಲು ಮಾತ್ರ ನನ್ನಿಂದ ಆಗುವುದಿಲ್ಲ.

ನರಸಿಂಹರಾಜು


ಬರಗೂರು
21 ಮೇ 2024

ತಾತನವರಿಗೆ,

ಕಳಿಸಿದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಅದಕ್ಕೆ ಮುಂಚೆ ಆದದ್ದು.

ನಿಮ್ಮ ಕಾಗದ ಬಂದ ಮೇಲೆ ಎರಡು ದಿನ ಸುಮ್ಮನಿದ್ದೆ. ಆಮೇಲೆ ಕದರಮ್ಮನವರ ಮೋಟಾರಿಗೆ ಹೊಸ ತಂತಿ ಸುತ್ತಿದೆ. ಮಾವ ಬೇಡ ಅನ್ನಲಿಲ್ಲ, ತಂತಿಯ ಸುರುಳಿ ನನ್ನ ಕಡೆ ತಳ್ಳಿ ಬೇರೆ ಕೆಲಸ ನೋಡಿಕೊಂಡರು. ರೇವಂತ್ ಗಾಡಿ ತಂದ, ವಳ್ಳೂರಿಗೆ ಹೋದೆ. ದಾರಿಯಲ್ಲಿ ಕಣ್ಣು ಹೋದಷ್ಟೂ ಸೋಲಾರ್ ಹಲಗೆಗಳು. ಅವುಗಳ ನಡುವೆ ಅವರ ಹೊಲ.

ಕದರಮ್ಮ ಕೋಲು ಹಿಡಿದುಕೊಂಡೇ ನಿಂತಿದ್ದರು. "ಎವರು ರಾ ಈ ಪಿಲ್ಲ?" ಯಾರು ಈ ಹುಡುಗಿ ಅಂತ ತೆಲುಗಿನಲ್ಲಿ ಮೊಮ್ಮಗನನ್ನು ಕೇಳಿದರು. ಅವನು ಬಾಯಿ ತೆರೆಯುವ ಮುಂಚೆ ನಾನೇ, "ಅಜ್ಜಿ, ಆ ಚಿತ್ರ ಬರೆದಿದ್ದು ನಾನು. ಮಧುಗಿರಿಯವರದು ತಪ್ಪಿಲ್ಲ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ ನೀನಾ? ನಾನು ಯಾರೋ ಮೀಸೆ ಬಿಟ್ಟೋನು ಅಂದ್ಕಂಡು ಇಷ್ಟ್ ದಿನ ಬೈದ್ನಲ್ಲೇ! ಬೈದಿದ್ದೆಲ್ಲ ದಂಡ ಆಗೋಯ್ತು" ಅಂದರು. ಆಮೇಲೆ ನನಗೆ ಅಂತ ಬೇರೆಯಾಗಿ ಬೈದರು. ಒಣಗಿದ ಟೊಮೆಟೊ ಸಾಲು ತೋರಿಸಿ ಬೈದರು. ನಾನು ತಲೆ ತಗ್ಗಿಸಿ ಕೇಳಿದೆ. ಬೈಗುಳದಲ್ಲಿ ತೆಲುಗು ಬಂದ ಕಡೆ ಅರ್ಥವಾಗಲಿಲ್ಲ, ಅಲ್ಲೂ ತಲೆ ತಗ್ಗಿಸಿದೆ.

ಮೋಟಾರು ಇಳಿಸಿ, ಬೋರ್ಡಿನಲ್ಲಿ ತಪ್ಪಾಗಿ ಕೂಡಿದ್ದ ಗೆರೆಯನ್ನು ಬ್ಲೇಡಿನಲ್ಲಿ ಕೆರೆದು ಬೇರೆ ಮಾಡಿದೆ. ಒಂದು ತಂತಿ ಬೇಕಂತಲೇ ಬಿಚ್ಚಿ ತೋರಿಸಿದೆ, ಬೋರ್ಡು ಮೋಟಾರನ್ನು ತಿರುಗಲು ಬಿಡಲಿಲ್ಲ. ಮತ್ತೆ ಹಾಕಿದೆ, ನೀರು ಬಂತು. ಕದರಮ್ಮ ಕೋಲು ಗೋಡೆಗೆ ಒರಗಿಸಿದರು. "ಇಂಗೇ ಇನ್ನೆಷ್ಟ್ ಜನದ್ದು ಐತೋ?" ಅಂದರು. ಗೊತ್ತಿಲ್ಲ ಅಂದೆ. "ಗೊತ್ತಿಲ್ದಿದ್ರೆ ಗೊತ್ತ್ ಮಾಡ್ಕ ಹೋಗು. ನನ್ ಥರ ಬೈದು ತಿಳ್ಸೋರು ಎಲ್ಲಾ ಕಡೆ ಇರಲ್ಲ."

ಮಾರನೇ ದಿನ ಅಂಗಡಿಯಲ್ಲಿ ಮಾವನ ಎದುರೇ ಕುಳಿತು ಚಿತ್ರ ಬರೆದೆ. ದಾಟುವ ಕಡೆಯೆಲ್ಲ ಸೇತುವೆ ಹಾಕಿದೆ. ಮೇಲೆ "ಹಳೆಯ ಚಿತ್ರದಲ್ಲಿ ತಪ್ಪಿದೆ, ಅದನ್ನು ನೋಡಿ ಮಾಡಿದವರು ಮೋಟಾರು ನಿಲ್ಲಿಸಿ ನನಗೆ ಫೋನು ಮಾಡಿ" ಅಂತ ದಪ್ಪಗೆ ಬರೆದೆ. ಮೂಲೆಯಲ್ಲಿ ನಿಮ್ಮ ಹೆಸರು, ಅದರ ಕೆಳಗೆ ನನ್ನ ಹೆಸರು, ಊರು, ನನ್ನ ಫೋನ್ ನಂಬರು. ಅಂಗಡಿ ಹೆಸರು ಹಾಕಲಿಲ್ಲ. ಮಾವನಿಗೆ ತೋರಿಸಿದೆ.

ಅವರು ಮೂಲೆಯ ಮೇಲೆ ಬೆರಳಿಟ್ಟು ಓದಿದರು. "ಅಂಗ್ಡಿ ಹೆಸ್ರು ಬಂದ್ರೆ ನೋಡು" ಅಂದರು. ಬಾಗಿಲಿಗೆ ಬರಬೇಡ ಅನ್ನುವುದನ್ನು ಮತ್ತೆ ಹೇಳಲಿಲ್ಲ. ಬಾ ಅಂತಲೂ ಹೇಳಲಿಲ್ಲ. ಅಂದು ಸಂಜೆ ಗುಂಪುಗಳಿಗೆ ಕಳಿಸಿದೆ, ಮರುದಿನ ಅಂಗಡಿಗೆ ಹೋದೆ. ನನ್ನ ಸ್ಟೂಲು ಇತ್ತು, ಕುಳಿತೆ.

ರೆಸಿನ್ ಡಬ್ಬ ಇನ್ನೂ ಮೇಜಿನ ಮೇಲೇ ಇದೆ. ನಾನು ನಂಬರ್ ಉಜ್ಜುವುದಿಲ್ಲ ಅಂದೆ. ಈಗ ಅವರೇ ಉಜ್ಜಿಕೊಳ್ಳುತ್ತಾರೆ.

ವರಲಕ್ಷ್ಮಿ


ಕೊರಟಗೆರೆ
30 ಮೇ 2024

ಚಿ. ವರಲಕ್ಷ್ಮಿಗೆ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಹೊರಟೆ. ಇದನ್ನು ವೆಂಕಟರಾಮಯ್ಯನ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅವನು ಎದುರಿಗೇ ಇದ್ದಾನೆ, ಆದ್ದರಿಂದ ಅವನ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ತೆಳ್ಳಗಾಗಿದ್ದಾನೆ. ಅವನ ಸೊಸೆ ಕಾಫಿಗೆ ಸಕ್ಕರೆ ಜಾಸ್ತಿ ಹಾಕುತ್ತಾಳೆ.

ನನಗೆ ಕೇಳಿಸುವುದಿಲ್ಲ, ಅವನಿಗೆ ಕೈ ನಡುಗುತ್ತದೆ, ಬರೆದು ತೋರಿಸಲು ಆಗುವುದಿಲ್ಲ. ಹಾಗಾಗಿ ಇಬ್ಬರೂ ಏನೂ ಮಾತಾಡಿಲ್ಲ. ನಿನ್ನ ಕಾಗದ ಕೊಟ್ಟೆ. ಕದರಮ್ಮನ ಮೀಸೆಯ ಮಾತು ಬಂದ ಕಡೆ ನಕ್ಕ. ಸೇತುವೆ ಬಂದ ಕಡೆ ನನ್ನನ್ನು ನೋಡಿದ. ಅದು ಮೊದಲು ಅವನದೇ ಯೋಚನೆ, ನಾನು ನಿನಗೆ ಬರೆಯುವಾಗ ಅದನ್ನು ಹೇಳಿರಲಿಲ್ಲ. ಅವನ ಹೆಸರೂ ಹಾಳೆಯಲ್ಲಿ ಇರಬೇಕು. ನನ್ನದರ ಪಕ್ಕ ಹಾಕು, ಕೆಳಗೆ ಬೇಡ.

ನಾಳೆ ಮಧುಗಿರಿಗೆ ಹೋಗುತ್ತೇನೆ. ನಾಳಿದ್ದು ಹೋದರೂ ಹೋದೆ.

ಯಾರಾದರೂ ಫೋನು ಮಾಡಿದರೇ? ಬರೆ.

ನರಸಿಂಹರಾಜು


ಬರಗೂರು
9 ಜೂನ್ 2024

ತಾತನವರಿಗೂ, ವೆಂಕಟರಾಮಯ್ಯನವರಿಗೂ,

ಈ ಕಾಗದವನ್ನು ಯಾವ ಊರಿಗೆ ಹಾಕಬೇಕು ಅಂತ ಯೋಚಿಸಿ ಕೊರಟಗೆರೆಗೇ ಹಾಕುತ್ತಿದ್ದೇನೆ. ಇಬ್ಬರ ಹೆಸರೂ ಹಾಳೆಯಲ್ಲಿ ಪಕ್ಕಪಕ್ಕ ಬರೆದೆ.

ಫೋನುಗಳು ಬಂದವು. ಮೊದಲ ವಾರ ಬಂದದ್ದೆಲ್ಲ ಬೇರೆ ಥರ. ಒಬ್ಬರು ಹುಡುಗಿ ಧ್ವನಿ ಕೇಳಿ ಇಟ್ಟುಬಿಟ್ಟರು. ಒಬ್ಬರು ಅಪ್ಪನಿಗೆ ಕೊಡು ಅಂದರು, ಅಪ್ಪ ಇಲ್ಲ ಅಂದೆ, ಹಾಗಾದರೆ ಅಣ್ಣನಿಗೆ ಕೊಡು ಅಂದರು. ಆಮೇಲೆ ಮಧುಗಿರಿ ಹತ್ತಿರದ ಒಬ್ಬರು ನಿಜವಾಗಿ ಕೇಳಿದರು. ಅವರಿನ್ನೂ ಬೋರ್ಡು ಹಾಕಿರಲಿಲ್ಲ. ಇನ್ನೊಬ್ಬರದು ಆಗಲೇ ಸುಟ್ಟಿತ್ತು. ಅವರು ಬೈದರು, ನಾನು ಕೇಳಿದೆ. ಮೋಟಾರು ತಂದರೆ ಸುತ್ತಿಕೊಡುತ್ತೇನೆ ಅಂದಿದ್ದೇನೆ. ಮಾವನಿಗೆ ಇನ್ನೂ ಹೇಳಿಲ್ಲ. ಅವರಿಗೆ ಗೊತ್ತಾಗಿದೆ ಅನ್ನಿಸುತ್ತದೆ, ತಂತಿ ಜಾಸ್ತಿ ತರಿಸಿದ್ದಾರೆ.

ಇನ್ನು ಎಷ್ಟು ಜನ ಇದ್ದಾರೋ ನನಗೆ ಗೊತ್ತಾಗುವುದಿಲ್ಲ. ಅದು ಹೀಗೇ ಇರುತ್ತದೆಯಾ ತಾತ? ನಿಮಗೂ ಹೀಗೇ ಇತ್ತಾ? ವೆಂಕಟರಾಮಯ್ಯನವರಿಗೆ ಇದನ್ನು ಕೇಳಬೇಕು ಅನ್ನಿಸಿತು, ಕೇಳಬಾರದು ಅಂತಲೂ ಅನ್ನಿಸಿತು. ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ, ಫೋನು ಬಂತು. ಮಡಕಶಿರಾ ಕಡೆಯವರು, ದೊಡ್ಡವರ ಧ್ವನಿ. ಚಿತ್ರ ಈಗ ನೋಡಿದೆ, ನಮ್ಮದು ಹಳೆಯದು, ಆದರೆ ಚೆನ್ನಾಗೇ ಓಡುತ್ತಿದೆಯಲ್ಲಮ್ಮ, ಯಾಕೆ ನಿಲ್ಲಿಸಬೇಕು ಅಂದರು. ಹಿಂದೆ ತೊಟ್ಟಿಗೆ ನೀರು ಬೀಳುವ ಸದ್ದು ಜೋರಾಗಿ ಕೇಳುತ್ತಿತ್ತು. ನಾನು ಮೂರನೇ ತಂತಿಯ ವಿಚಾರ ಹೇಳಿದೆ. ಅವರಿಗೆ ಕನ್ನಡ ಅರ್ಧ ಬರುತ್ತದೆ, ನನಗೆ ತೆಲುಗು ಕಾಲು ಬರುತ್ತದೆ. ಒಂದು ಸಲ ಹೇಳಿ ಬಿಡಬಹುದಿತ್ತು. ಬಿಡಲಿಲ್ಲ. ಇನ್ನೊಂದು ಥರ ಹೇಳಿದೆ. "ಆಪೇಯಂಡಿ, ನಿಲ್ಲಿಸಿ, ಬ್ಲೇಡು ತಗೊಳ್ಳಿ, ನಾನು ಇಲ್ಲೇ ಇರುತ್ತೇನೆ" ಅಂದೆ.

ಅವರು ಫೋನು ಹಿಡಿದುಕೊಂಡೇ ನಡೆದುಹೋದದ್ದು ಗೊತ್ತಾಯಿತು. ಕಬ್ಬಿಣದ ಡಬ್ಬದ ಬಾಗಿಲು ತೆರೆದ ಸದ್ದು. ಸ್ವಿಚ್ಚು ಇಳಿಸಿದ ಸದ್ದು. ತೊಟ್ಟಿಗೆ ಬೀಳುತ್ತಿದ್ದ ನೀರು ಸಣ್ಣಗಾಗಿ ನಿಂತಿತು.

ಇಂತಿ ನಿಮ್ಮ,
ವರಲಕ್ಷ್ಮಿ